ಕೋರ್ಟ್ ಖರ್ಚಿನ ಆದೇಶವನ್ನು ಪ್ರಶ್ನಿಸುವುದು ಹೇಗೆ?

ಸಿವಿಲ್ ದಾವೆ ಮುಗಿದು, ಎದುರಾಳಿಯ ಖರ್ಚನ್ನೂ ನೀವೇ ಕೊಡಬೇಕೆಂದು ಆದೇಶವಾಗಿದೆಯೇ? ಮೊದಲು ತೀರ್ಪು, ಡಿಕ್ರಿ (ತೀರ್ಪಿನ ಫಲಿತಾಂಶವನ್ನು ಇಳಿಸಿದ ಆದೇಶ ಪತ್ರ) ಎರಡರ ದೃಢೀಕೃತ ನಕಲಿಗೂ ಅರ್ಜಿ ಹಾಕಿ. ನಕಲು ತಯಾರಾಗಲು ಹಿಡಿದ ದಿನಗಳನ್ನು ಮೇಲ್ಮನವಿಯ ಅವಧಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಜಿಯನ್ನೇ ಹಾಕದೆ ಕಳೆದ ದಿನಗಳಿಗೆ ಆ ರಿಯಾಯಿತಿ ಇಲ್ಲ.

ಡಿಕ್ರಿಯಲ್ಲಿ ಖರ್ಚಿನ ಪಟ್ಟಿ ಇರುತ್ತದೆ: ಕೋರ್ಟ್ ಶುಲ್ಕ, ವಕೀಲರ ಫೀ, ಸಾಕ್ಷಿಗಳ ಬತ್ತೆ ಇತ್ಯಾದಿ. ಪ್ರತಿ ಸಾಲನ್ನೂ ನೀವೇ ಕೂಡಿ ನೋಡಿ. ತೀರ್ಪಿನಲ್ಲಿ ಅರ್ಧ ಖರ್ಚು ಎಂದಿದ್ದು ಡಿಕ್ರಿಯಲ್ಲಿ ಪೂರ್ತಿ ಇಳಿದಿರಬಹುದು. ವಿಳಂಬಕ್ಕಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಬಿ ಕಲಮಿನಡಿ ಆಗಲೇ ಕಟ್ಟಿದ ಹಣ ಮತ್ತೆ ಸೇರಿಕೊಂಡಿರಬಹುದು, ಹಾಗೆ ಸೇರಿಸುವಂತಿಲ್ಲ. ಇಂಥ ಕೈತಪ್ಪಿಗೆ ಮೇಲ್ಮನವಿಯ ದುಡ್ಡು ಸುರಿಯಬೇಡಿ. ಅದೇ ಸಂಹಿತೆಯ 152ನೇ ಕಲಮಿನಡಿ ಅದೇ ಕೋರ್ಟಿಗೆ ತಿದ್ದುಪಡಿ ಅರ್ಜಿ ಸಾಕು, ಯಾವಾಗ ಬೇಕಾದರೂ ಹಾಕಬಹುದು.

ಲೆಕ್ಕ ಸರಿಯಿದ್ದರೆ, ಆದೇಶ ಯಾವ ಕಲಮಿನದೆಂದು ನೋಡಿ. ದಾರಿ ಕವಲೊಡೆಯುವುದು ಇಲ್ಲಿಯೇ.

35ನೇ ಕಲಂ: ಖರ್ಚು ಕೋರ್ಟಿನ ವಿವೇಚನೆಗೆ ಬಿಟ್ಟದ್ದು. ಸಾಮಾನ್ಯವಾಗಿ ಸೋತವರು ಕೊಡಬೇಕು. ಹಾಗಾಗದಿದ್ದರೆ ಕಾರಣವನ್ನು ಬರೆದಿಡಬೇಕು. ಗೆದ್ದೂ ಖರ್ಚು ಸಿಗದವರಿಗೆ ಈ ಕಾರಣ ಬರೆಯದಿರುವುದೇ ಗಟ್ಟಿ ಆಧಾರ. 'ಮೊತ್ತ ಹೆಚ್ಚಾಯಿತು' ಎಂಬ ಒಂದೇ ಮಾತು ನಿಲ್ಲುವುದಿಲ್ಲ. ಬರೀ ಖರ್ಚಿಗಾಗಿ ತಂದ ಮೇಲ್ಮನವಿಗೆ ಕೋರ್ಟುಗಳು ಸುಲಭವಾಗಿ ಕಿವಿಗೊಡುವುದಿಲ್ಲ. ತತ್ವದಲ್ಲೇ ತಪ್ಪಾಗಿದೆ ಎಂದು ತೋರಿಸಬೇಕು. ಆದ್ದರಿಂದ ಮುಖ್ಯ ಮೇಲ್ಮನವಿಯಲ್ಲೇ ಇದನ್ನೂ ಒಂದು ಆಧಾರವಾಗಿ ಸೇರಿಸುವುದು ಮೇಲು. ಎದುರಾಳಿಯೇ ಮೇಲ್ಮನವಿ ಹಾಕಿದ್ದರೆ, ನೋಟಿಸ್ ಜಾರಿಯಾದ ಒಂದು ತಿಂಗಳೊಳಗೆ ಅಡ್ಡ ಆಕ್ಷೇಪಣೆ (ಅದೇ ಮೇಲ್ಮನವಿಯಲ್ಲಿ ನಿಮ್ಮ ಕಡೆಯ ತಕರಾರು) ಸಲ್ಲಿಸಿ.

35ಎ ಕಲಂ: ಸುಳ್ಳು ಅಥವಾ ಕಿರುಕುಳದ ದಾವೆಗೆ ಪರಿಹಾರ ರೂಪದ ಖರ್ಚು. ಗರಿಷ್ಠ 3,000 ರೂಪಾಯಿ. ವಾಣಿಜ್ಯ ವ್ಯಾಜ್ಯಗಳಿಗೆ ಈ ಮಿತಿಯಿಲ್ಲ. ಎದುರಾಳಿ ಆಕ್ಷೇಪ ಎತ್ತಿದ್ದಾರೆಯೇ, ಸುಳ್ಳೆನ್ನಲು ಕೋರ್ಟ್ ಕಾರಣ ದಾಖಲಿಸಿದೆಯೇ ಎಂದು ಹುಡುಕಿ. 104ನೇ ಕಲಮಿನಡಿ ಪ್ರತ್ಯೇಕ ಮೇಲ್ಮನವಿ ಉಂಟು.

35ಬಿ ಖರ್ಚು ಕಟ್ಟದಿದ್ದರೆ ದಾವೆ ಅಥವಾ ಪ್ರತಿವಾದವನ್ನು ಮುಂದುವರಿಸಲಾಗದು. ಈ ಆದೇಶವನ್ನು ಪ್ರಶ್ನಿಸಲು ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು, ಆದರೆ ಸಣ್ಣ ಮೊತ್ತಕ್ಕೆ ಆ ದಾರಿ ದುಬಾರಿ.

ಡಿಕ್ರಿ ವಿರುದ್ಧದ ಮೇಲ್ಮನವಿಗೆ ಹೈಕೋರ್ಟಿಗಾದರೆ 90 ದಿನ, ಉಳಿದ ಕೋರ್ಟುಗಳಿಗೆ 30 ದಿನ. ವಾಣಿಜ್ಯ ಕೋರ್ಟಿನ ತೀರ್ಪಿಗೆ 60. ತಡವಾದರೆ ವಿಳಂಬ ಮನ್ನಾ ಅರ್ಜಿ ಜೊತೆಗಿರಲಿ.

ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆ ಅರ್ಜಿ ಬೇಕು. ಹಣದ ಡಿಕ್ರಿಯಾಗಿದ್ದು, ಕೋರ್ಟ್ ಹೇಳಿದ ಠೇವಣಿ ಅಥವಾ ಜಾಮೀನು ಕೊಡದಿದ್ದರೆ ಆ ತಡೆಯೂ ಸಿಗದು.