ನಿಮ್ಮ ಮನವಿ ಯಾರ ಮೇಜಿಗೆ ಹೋಗಬೇಕು? ಪಂಚಾಯಿತಿಯಿಂದ ಸಂಸತ್ತಿನವರೆಗೆ ನಿಮ್ಮ ಪ್ರತಿನಿಧಿಗಳನ್ನು ಹುಡುಕುವ ಬಗೆ

ನಮ್ಮ ದೊಡ್ಡಪ್ಪನ ಮನೆ ಬೈಂದೂರು ಕಡೆಯ ಒಂದು ಹಳ್ಳಿಯಲ್ಲಿದೆ. ಮನೆಯಿಂದ ಶಾಲೆಗೆ ಹೋಗುವ ದಾರಿಗೆ ಒಂದು ತೋಡು, ಅಂದರೆ ಸಣ್ಣ ಹಳ್ಳ, ಅಡ್ಡ ಬರುತ್ತದೆ. ಅದನ್ನು ದಾಟಲು ಅಡಿಕೆ ಮರದ ಕಾಂಡ ಜೋಡಿಸಿ ಕಟ್ಟಿದ ಕಾಲುಸಂಕ. ಮಳೆಗಾಲದಲ್ಲಿ ತೋಡು ಕೆಂಪಾಗಿ ತುಂಬಿ ಹರಿಯುವಾಗ, ಒಂದು ಕೈಯಲ್ಲಿ ಛತ್ರಿ ಹಿಡಿದು ಬೆನ್ನಿಗೆ ಚೀಲ ಹಾಕಿಕೊಂಡ ಮಕ್ಕಳು ಆ ಪಾಚಿ ಕಟ್ಟಿದ ಮರದ ಮೇಲೆ ಹೆಜ್ಜೆಯಿಡುವುದನ್ನು ಒಮ್ಮೆ ನೋಡಿದರೆ ಸಾಕು, ರಾತ್ರಿ ನಿದ್ದೆ ಹತ್ತುವುದಿಲ್ಲ. ಬೆಂಗಳೂರಿಗೆ ಮರಳಿದ ವಾರದಲ್ಲೇ ಉಡುಪಿ ಚಿಕ್ಕಮಗಳೂರು ಕ್ಷೇತ್ರದ ಸಂಸದರ ಹೆಸರಿಗೆ ಎರಡು ಪುಟದ ಮನವಿ ಬರೆದು ಕಳಿಸಿದೆ. ಮುಂದಿನ ಸಲ ಊರಿಗೆ ಹೋದಾಗ ಅದರ ಪ್ರತಿಯನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ವಿಳಾಸದ ಸಾಲು ಓದಿದವರೇ, "ನಮ್ದ್ ಶಿವಮೊಗ್ಗ ಅಲ್ದಾ ಮಾಣಿ?" ಎಂದರು.

ಹೌದು. ಬೈಂದೂರು ಇರುವುದು ಉಡುಪಿ ಜಿಲ್ಲೆಯಲ್ಲಿ, ಆದರೆ ಲೋಕಸಭೆಗೆ ಅದು ಶಿವಮೊಗ್ಗ ಕ್ಷೇತ್ರ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಕಾಲುಸಂಕದ ಕೆಲಸಕ್ಕೆ ಮೊದಲು ಸಂಸದರ ಬಳಿ ಹೋಗಬೇಕಾಗಿಯೇ ಇರಲಿಲ್ಲ. ಆ ಮನವಿ ದಾರಿ ತಪ್ಪಿದ್ದರಿಂದ ಮಕ್ಕಳು ಇನ್ನೊಂದು ಮಳೆಗಾಲ ಅದೇ ಮರದ ಮೇಲೆ ನಡೆದರು. ಆಮೇಲೆ ನಾನು ಕೂತು ಕಲಿತುಕೊಂಡ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗುರುತಿನ ಚೀಟಿ ತಿರುಗಿಸಿ ನೋಡಿ

ಮತದಾರರ ಗುರುತಿನ ಚೀಟಿಯ ಹಿಂಬದಿಯಲ್ಲಿ ವಿಧಾನಸಭಾ ಕ್ಷೇತ್ರದ ಸಂಖ್ಯೆ, ಹೆಸರು ಮತ್ತು ಭಾಗದ ಸಂಖ್ಯೆ ಇರುತ್ತದೆ. ಕರ್ನಾಟಕದಲ್ಲಿ ಒಟ್ಟು 224 ಕ್ಷೇತ್ರ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ 1, ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ 224. ಬೈಂದೂರಿನ ಸಂಖ್ಯೆ 118. ಈ ಸಂಖ್ಯೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಉಳಿದ ಲೆಕ್ಕವೆಲ್ಲ ಇದರಿಂದಲೇ ಶುರು.

ಚೀಟಿ ಹಳೆಯದಾಗಿದ್ದರೆ ಅದನ್ನೇ ನಂಬಿ ಕೂರಬೇಡಿ. 2001ರ ಜನಗಣತಿ ಆಧರಿಸಿ ಕ್ಷೇತ್ರಗಳನ್ನು ಮರುವಿಂಗಡಿಸಿದ್ದು 2008ರಲ್ಲಿ ಜಾರಿಗೆ ಬಂತು, ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ವಿಧಾನಸಭಾ ಚುನಾವಣೆ ಹೊಸ ಗಡಿಗಳಲ್ಲಿ ನಡೆಯಿತು. ಬ್ರಹ್ಮಾವರ, ಬೀರೂರು ಎಂಬ ವಿಧಾನಸಭಾ ಕ್ಷೇತ್ರಗಳು ಆಗ ಇಲ್ಲವಾದವು. ಲೋಕಸಭೆಯ ಕನಕಪುರ ಕ್ಷೇತ್ರವೂ ಹೋಯಿತು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಗೆದ್ದ ಚಿಕ್ಕಮಗಳೂರು ಕ್ಷೇತ್ರ ಕೂಡ ಈಗ ಅದೇ ಹೆಸರಿನಲ್ಲಿ, ಅದೇ ಗಡಿಯಲ್ಲಿ ಉಳಿದಿಲ್ಲ. ಈಗಿನ ಕ್ಷೇತ್ರ ಯಾವುದೆಂದು ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಗುರುತಿನ ಚೀಟಿ ಸಂಖ್ಯೆ ಹಾಕಿ ನೋಡಬಹುದು, ಇಲ್ಲವೇ 1950ಕ್ಕೆ ಕರೆ ಮಾಡಿ ಕೇಳಬಹುದು. ಮನೆ ಬದಲಿಸಿ ಬೇರೆ ಕ್ಷೇತ್ರಕ್ಕೆ ಬಂದಿದ್ದರೆ ನಮೂನೆ 8 ತುಂಬಿ ಹೆಸರು ವರ್ಗಾಯಿಸಿಕೊಳ್ಳಿ.

ಇನ್ನು ಎಂಟರ ಲೆಕ್ಕ

ಕರ್ನಾಟಕಕ್ಕೆ ಲೋಕಸಭೆಯಲ್ಲಿ 28 ಸ್ಥಾನ. 224ನ್ನು 28ರಿಂದ ಭಾಗಿಸಿದರೆ 8. ನಮ್ಮ ರಾಜ್ಯದಲ್ಲಿ ಒಂದೊಂದು ಲೋಕಸಭಾ ಕ್ಷೇತ್ರಕ್ಕೂ ಸರಿಯಾಗಿ ಎಂಟು ವಿಧಾನಸಭಾ ಕ್ಷೇತ್ರಗಳು. ಯಾವ ವಿಧಾನಸಭಾ ಕ್ಷೇತ್ರವನ್ನೂ ಎರಡು ತುಂಡು ಮಾಡಿ ಇಬ್ಬರು ಸಂಸದರಿಗೆ ಹಂಚಿಲ್ಲ. ಆದರೆ ಜಿಲ್ಲೆಯ ಗಡಿಗೆ ಆ ರಕ್ಷಣೆ ಇಲ್ಲ. ಎಂಟರ ಲೆಕ್ಕ ತುಂಬಿಸಲು ಪಕ್ಕದ ಜಿಲ್ಲೆಯಿಂದ ಒಂದೆರಡು ಕ್ಷೇತ್ರ ಸೇರಿಸಿರುತ್ತಾರೆ. ಎಡವುವುದೇ ಇಲ್ಲಿ.

ಶಿವಮೊಗ್ಗವನ್ನೇ ನೋಡಿ. ಶಿವಮೊಗ್ಗ, ಶಿವಮೊಗ್ಗ ಗ್ರಾಮಾಂತರ, ಭದ್ರಾವತಿ, ತೀರ್ಥಹಳ್ಳಿ, ಶಿಕಾರಿಪುರ, ಸೊರಬ, ಸಾಗರ ಸೇರಿ ಏಳಾಯಿತು, ಎಂಟನೆಯದು ಘಟ್ಟದ ಕೆಳಗಿನ ಬೈಂದೂರು. ಉಡುಪಿ ಜಿಲ್ಲೆಯಲ್ಲಿ ಉಳಿದ ಕುಂದಾಪುರ, ಉಡುಪಿ, ಕಾಪು, ಕಾರ್ಕಳಗಳಿಗೆ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಸೇರಿ ಇನ್ನೊಂದು ಎಂಟು. ಹಾಗಾದರೆ ಕಡೂರು? ಅದು ಹಾಸನಕ್ಕೆ. ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಉತ್ತರ ಕನ್ನಡಕ್ಕೆ. ಮೈಸೂರು ಜಿಲ್ಲೆಯ 11 ಕ್ಷೇತ್ರಗಳಂತೂ ಮೂವರು ಸಂಸದರಿಗೆ ಹಂಚಿಹೋಗಿವೆ: ಆರು ಮೈಸೂರಿಗೆ, ವರುಣ, ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ, ಕೃಷ್ಣರಾಜನಗರ ಮಂಡ್ಯಕ್ಕೆ. ಹಾಗಾಗಿ ಸಂಸದರು ಯಾರೆಂದು ತಿಳಿಯಬೇಕಾದರೆ ಜಿಲ್ಲೆಯ ಹೆಸರು ಹಿಡಿದು ಹೊರಡಬೇಡಿ, ವಿಧಾನಸಭಾ ಕ್ಷೇತ್ರದ ಹೆಸರು ಹಿಡಿದು ಹೊರಡಿ.

ಕೆಳಗಿನ ಮೆಟ್ಟಿಲು

ಮನೆಗೆ ಎಲ್ಲಕ್ಕಿಂತ ಹತ್ತಿರದ ಪ್ರತಿನಿಧಿ ಗ್ರಾಮ ಪಂಚಾಯಿತಿ ಸದಸ್ಯರು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು ಎಂಬುದು ಲೆಕ್ಕ. ಒಂದೇ ವಾರ್ಡಿನಿಂದ ಇಬ್ಬರು, ಮೂವರು ಆಯ್ಕೆಯಾಗುವುದೂ ಉಂಟು, ಅವರೆಲ್ಲರೂ ನಿಮ್ಮವರೇ. ಈ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಒಂದು ಮಾತು ಹೇಳಲೇಬೇಕು: ನಿಮ್ಮ ವಾರ್ಡಿನಿಂದ ಗೆದ್ದವರು ಮಹಿಳೆಯಾಗಿದ್ದರೆ ಅಹವಾಲನ್ನು ಅವರ ಎದುರಿಗೇ ಹೇಳಿ. ಜಗಲಿಯಲ್ಲಿ ಕೂತ ಗಂಡನಿಗೆ ಹೇಳಿ ಎದ್ದು ಬರಬೇಡಿ. ಊರು ಮತ ಹಾಕಿದ್ದು ಆಕೆಗೆ, ಸಭೆಯಲ್ಲಿ ಕೈ ಎತ್ತುವ ಅಧಿಕಾರ ಇರುವುದೂ ಆಕೆಗೆ.

ಪಂಚಾಯಿತಿಯ ಅವಧಿ ಮುಗಿದು ಹೊಸ ಚುನಾವಣೆ ಆಗದ ಹೊತ್ತಿನಲ್ಲಿ ಆಡಳಿತಾಧಿಕಾರಿ ಇರುತ್ತಾರೆ. ಆಗ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೂಲಕ ಅವರಿಗೇ ಅರ್ಜಿ ಕೊಡಬೇಕು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಕತೆ ಮನಸ್ಸಿಗೆ ನೋವು ತರುವಂಥದ್ದು. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ಅವನ್ನು ನಡೆಸಿದರು. ಬೆಂಗಳೂರಿನಲ್ಲೂ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದದ್ದು, ಐದು ಪಾಲಿಕೆಗಳಾಗಿ ಒಡೆದದ್ದು 2025ರಲ್ಲಿ. ನಡುವಿನ ಮೆಟ್ಟಿಲು ಖಾಲಿ ಇದ್ದಾಗ ಚರಂಡಿಯ ದೂರೂ ಶಾಸಕರ ಮನೆ ಬಾಗಿಲಿಗೇ ಹೋಗುತ್ತದೆ. ಶಾಸನ ಮಾಡಬೇಕಾದವರ ದಿನವೆಲ್ಲ ಅದರಲ್ಲೇ ಕಳೆದುಹೋಗುತ್ತದೆ.

ಕಣ್ಣಿಗೆ ಬೀಳದ ಪ್ರತಿನಿಧಿಗಳು

ವಿಧಾನ ಪರಿಷತ್ತಿನಲ್ಲಿ 75 ಜನ. 25 ಮಂದಿಯನ್ನು ಶಾಸಕರು, 25 ಮಂದಿಯನ್ನು ಪಂಚಾಯಿತಿ, ಪುರಸಭೆ ಮುಂತಾದ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಪದವೀಧರರು ಏಳು, ಶಿಕ್ಷಕರು ಏಳು ಮಂದಿಯನ್ನು ಆರಿಸುತ್ತಾರೆ, 11 ಮಂದಿ ನಾಮಕರಣಗೊಂಡವರು. ನೀವು ಪದವಿ ಪಡೆದು ಮೂರು ವರ್ಷ ಆಗಿದ್ದರೆ ನಮೂನೆ 18 ತುಂಬಿ ಪದವೀಧರ ಕ್ಷೇತ್ರದ ಮತದಾರರಾಗಬಹುದು. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಕಳೆದ ಬಾರಿ ಹೆಸರಿತ್ತು ಎಂದು ಸುಮ್ಮನಿದ್ದವರು ಮತಗಟ್ಟೆಯಿಂದ ಹಾಗೇ ಮರಳಬೇಕಾಗುತ್ತದೆ. ಶಿಕ್ಷಕರ ಕ್ಷೇತ್ರಕ್ಕೆ ನಮೂನೆ 19.

ರಾಜ್ಯಸಭೆಗೆ ಕರ್ನಾಟಕದಿಂದ 12 ಜನ. ಅವರಿಗೆ ಇಡೀ ರಾಜ್ಯವೇ ಕ್ಷೇತ್ರ, ಆರಿಸುವವರು ಶಾಸಕರು. ನಮ್ಮ ಮತ ಇಲ್ಲದ ಮಾತ್ರಕ್ಕೆ ಅವರು ಹೊರಗಿನವರಲ್ಲ. ಲೋಕಸಭಾ ಸದಸ್ಯರ ಹಾಗೆ ಅವರಿಗೂ ವರ್ಷಕ್ಕೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ, ರಾಜ್ಯದ ಯಾವ ಮೂಲೆಯ ಕೆಲಸಕ್ಕೂ ಅದನ್ನು ಶಿಫಾರಸು ಮಾಡಬಹುದು.

ಯಾವ ಕೆಲಸ ಯಾರಿಗೆ?

ಬೀದಿದೀಪ, ಕುಡಿಯುವ ನೀರು, ಚರಂಡಿ, ಮನೆ, ನಿವೇಶನದ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಪಂಚಾಯಿತಿಯ ಕೆಲಸ. ರೇಷನ್ ಕಾರ್ಡು, ಪಿಂಚಣಿ, ಪಹಣಿ ತಿದ್ದುಪಡಿಯೆಲ್ಲ ತಹಶೀಲ್ದಾರ್ ಕಚೇರಿಯವು. ಅಲ್ಲಿ ಅರ್ಜಿ ಕೊಟ್ಟೂ ಆಗದಿದ್ದರೆ ಶಾಸಕರಿಗೆ ಹೇಳಿ. ಬಗರ್ ಹುಕುಂ (ಅನುಮತಿಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡಿಕೊಂಡು ಬಂದ) ಸಾಗುವಳಿ ಸಕ್ರಮ ಸಮಿತಿಗೆ ಶಾಸಕರೇ ಅಧ್ಯಕ್ಷರು, ಆದ್ದರಿಂದ ಸಕ್ರಮಕ್ಕಾಗಿ ನಮೂನೆ 57ರ ಅರ್ಜಿ ಹಾಕಿ ಕಾಯುತ್ತಿರುವವರು ಅವರನ್ನು ನೇರವಾಗಿಯೇ ಕೇಳಬೇಕು. ರೈಲು ನಿಲುಗಡೆ, ಅಂಚೆ ಕಚೇರಿ, ಬಿಎಸ್‌ಎನ್‌ಎಲ್ ಟವರು, ಪಾಸ್‌ಪೋರ್ಟು ಸಂಸದರ ಪಾಲಿನವು.

ರಸ್ತೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನಿಸಿ. ಕೊಲ್ಲೂರಿನ ಒಬ್ಬರನ್ನು ಊಹಿಸಿಕೊಳ್ಳಿ. ಅವರ ಕೇರಿಯ ದಾರಿ ಗ್ರಾಮ ಪಂಚಾಯಿತಿಯದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳಾದರೆ ಲೋಕೋಪಯೋಗಿ ಇಲಾಖೆಯವು, ಅದಕ್ಕೆ ಬೈಂದೂರು ಶಾಸಕರು. ಬೈಂದೂರು ಪೇಟೆ ದಾಟುವ 66ನೇ ಹೆದ್ದಾರಿ ಕೇಂದ್ರದ್ದು, ಅಲ್ಲಿ ಸರ್ವಿಸ್ ರಸ್ತೆ ಬೇಕೆಂದರೆ ಶಿವಮೊಗ್ಗ ಸಂಸದರು. ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣದಲ್ಲಿ ಒಂದು ರೈಲು ನಿಲ್ಲಬೇಕೆಂದರೂ ಅವರೇ. ಒಂದೇ ದಿನದ ಪಯಣದಲ್ಲಿ ಆ ಮನುಷ್ಯ ಮೂವರು ಪ್ರತಿನಿಧಿಗಳ ರಸ್ತೆ ದಾಟಿರುತ್ತಾರೆ. ಮನವಿ ಬರೆಯುವ ಮೊದಲು ನಿಮ್ಮ ರಸ್ತೆ ಯಾರದೆಂದು ಪಿಡಿಒ ಬಳಿ ಕೇಳಿ ಖಚಿತಪಡಿಸಿಕೊಳ್ಳಿ.

ಹಣದ ವಿಷಯದಲ್ಲೂ ಒಂದು ತಿಳಿವಳಿಕೆ ಇರಲಿ. ಸಂಸದರ 5 ಕೋಟಿ ಎಂದರೆ ದೊಡ್ಡ ಮೊತ್ತ ಅನಿಸುತ್ತದೆ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ 62.5 ಲಕ್ಷ ಬಂತು. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಅದು ಒಂದೇ ಕ್ಷೇತ್ರಕ್ಕೆ. ಸಣ್ಣ ಸೇತುವೆ, ಶಾಲಾ ಕೊಠಡಿಗೆ ಶಾಸಕರ ಬಾಗಿಲೇ ಹತ್ತಿರ. ಎರಡೂ ಕಡೆ ಪ್ರತಿನಿಧಿ ಮಾಡುವುದು ಶಿಫಾರಸು, ಮಂಜೂರಾತಿ ಜಿಲ್ಲಾಧಿಕಾರಿ ಕಚೇರಿಯದು.

ಮನವಿ ಬರೆಯುವುದು

ನನ್ನ ಮೊದಲ ಮನವಿಯಲ್ಲಿ "ಗ್ರಾಮಸ್ಥರು ಬಹಳ ಕಷ್ಟದಲ್ಲಿದ್ದಾರೆ" ಎಂದು ನಾಲ್ಕು ಸಲ ಇತ್ತು, ತೋಡಿನ ಅಗಲ ಒಮ್ಮೆಯೂ ಇರಲಿಲ್ಲ. ಎರಡನೆಯದನ್ನು ಒಂದೇ ಪುಟದಲ್ಲಿ ಮುಗಿಸಿದೆವು. ಅದರ ನಡುಭಾಗ ಹೀಗಿತ್ತು:

"ನಮ್ಮ ವಾರ್ಡಿನ 23 ಮನೆಗಳಿಂದ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಲು ಇದೊಂದೇ ಹತ್ತಿರದ ದಾರಿ. ನಿತ್ಯ 14 ಮಕ್ಕಳು ದಾಟುತ್ತಾರೆ. ತೋಡಿನ ಅಗಲ 34 ಅಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ಸಂಕ ಜಾರುತ್ತದೆ. ಸುತ್ತಿ ಹೋದರೆ ಮೂರೂವರೆ ಕಿ.ಮೀ. ಕೈಹಿಡಿ ಇರುವ ಕಾಂಕ್ರೀಟ್ ಕಾಲುಸಂಕ ಮಂಜೂರು ಮಾಡಿಸಿಕೊಡಬೇಕಾಗಿ ಪ್ರಾರ್ಥನೆ."

ಮೇಲೆ 'ಇವರಿಗೆ, ಮಾನ್ಯ ಶಾಸಕರು', ಕ್ಷೇತ್ರದ ಹೆಸರು, ವಿಷಯ. ಕೆಳಗೆ ದಿನಾಂಕ, ಸಹಿಗಳು, ಒಬ್ಬರ ಫೋನ್ ನಂಬರು. ಎರಡು ಫೋಟೊ: ಒಂದು ಬೇಸಿಗೆಯದು, ಒಂದು ಮಳೆಗಾಲದ್ದು. ಯಾರಿಗೆ ಮತ ಹಾಕಿದ್ದೀರಿ ಎಂಬುದನ್ನು ಬರೆಯಲೇಬೇಡಿ. ಗೆದ್ದ ಮೇಲೆ ಅವರು ಮತ ಹಾಕದವರಿಗೂ ಪ್ರತಿನಿಧಿ, ಆ ಹಕ್ಕಿನಲ್ಲೇ ನೀವು ಕೇಳುತ್ತಿರುವುದು.

ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ನಿಮ್ಮ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಆ ನಿರ್ಣಯದ ಪ್ರತಿ ಪಡೆದು ಮನವಿಗೆ ಲಗತ್ತಿಸಿ. ಹತ್ತು ಸಹಿಗಿಂತ ಆ ಒಂದು ಹಾಳೆಗೆ ತೂಕ ಹೆಚ್ಚು. ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ತಾಲ್ಲೂಕು ಕೆಡಿಪಿ ಸಭೆಗೆ (ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ) ಮುಂಚೆ ಮನವಿ ತಲುಪಿಸಿದರೆ ಇನ್ನೂ ಒಳ್ಳೆಯದು, ಸಂಬಂಧಪಟ್ಟ ಎಂಜಿನಿಯರ್ ಆ ಸಭೆಯಲ್ಲೇ ಕೂತಿರುತ್ತಾರೆ. ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಲು ಸಂಕೋಚ ಪಡಬೇಡಿ. ಒಂದು ತಿಂಗಳಾದರೂ ಸುದ್ದಿ ಬಾರದಿದ್ದರೆ ಅದೇ ಪ್ರತಿ ಹಿಡಿದು ಮತ್ತೆ ಹೋಗಿ. ಮನವಿ ಯಾವ ಇಲಾಖೆಗೆ ಹೋಗಿದೆ ಎಂದು ಗೊತ್ತಾದ ಮೇಲೆ, ಅಲ್ಲಿ ಅದು ಯಾವ ಹಂತದಲ್ಲಿದೆ ಎಂದು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು.

ನಮ್ಮ ಎರಡನೇ ಮನವಿಯನ್ನು ದೊಡ್ಡಪ್ಪನೇ ಕೈಯಾರೆ ಕೊಟ್ಟು ಬಂದರು. ಏಳನೇ ವಾರದಲ್ಲಿ ಒಬ್ಬ ಎಂಜಿನಿಯರ್ ಬಂದು ತೋಡಿನ ಎರಡೂ ದಡಕ್ಕೆ ಟೇಪು ಹಿಡಿದು ಅಳೆದರು, ಈಚೆಯ ತುದಿಯನ್ನು ಹಿಡಿದು ನಿಂತದ್ದು ದೊಡ್ಡಪ್ಪ. 34 ಅಡಿಯೇ ಇತ್ತು. ಕೆಲಸ ಈಗ ಕ್ರಿಯಾ ಯೋಜನೆಯ ಪಟ್ಟಿಯಲ್ಲಿದೆ. ಮುದ್ರೆ ಬಿದ್ದ ಪ್ರತಿ ದೊಡ್ಡಪ್ಪನ ಮನೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿದೆ.