ಮಲೆನಾಡಿನ ಮಳೆಗಾಲದಲ್ಲಿ ಕಂಚಿನ ಕಿರುಪ್ರತಿಮೆ
ಪ್ರಾಚೀನ ಗ್ರೀಕ್ ದೇವತೆಯ ಪ್ರತಿಮೆ ವೀನಸ್ ಡಿ ಮಿಲೋದಂಥ ಅಮೃತಶಿಲೆಯ ಶಿಲ್ಪಗಳ ಕಂಚಿನ ಕಿರುಪ್ರತಿಗಳಿಗೆ ತೀರ್ಥಹಳ್ಳಿ, ಆಗುಂಬೆ ಕಡೆಯ ತೇವವೇ ದೊಡ್ಡ ಶತ್ರು. ಮೊದಲು ಲೋಹ ನೋಡಿಕೊಳ್ಳಿ: ಪೀಠದ ಅಡಿ ಸೂಜಿಯಿಂದ ಗೀರಿದರೆ ಕಂಚು ಹೊಂಬಣ್ಣ ತೋರುತ್ತದೆ, ಬಣ್ಣ ಬಳಿದ ಸತುವಾದರೆ ಬೂದು.

ಹುಣಸೆಹಣ್ಣು ಹಾಕಿ ತಿಕ್ಕುವುದಂತೂ ಬೇಡವೇ ಬೇಡ. ದೇವರ ಪಾತ್ರೆಗೆ ಅದು ಸರಿ. ಇಲ್ಲಿ ಎರಕದವರು ಕೊಟ್ಟ ಕಂದು ಪದರವೇ ಕಿತ್ತುಹೋಗಿ ಬೆಲೆಯೂ ಬೀಳುತ್ತದೆ. ಮೆತ್ತನೆ ಕುಂಚದಿಂದ ಧೂಳು ತೆಗೆದು, ಡಿಸ್ಟಿಲ್ಡ್ ನೀರಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಮೈಕ್ರೋಕ್ರಿಸ್ಟಲಿನ್ ಮೇಣವನ್ನು (ಪೆಟ್ರೋಲಿಯಂನಿಂದ ತೆಗೆದ ನಯವಾದ ಮೇಣ) ತೆಳ್ಳಗೆ ಸವರಿ ಉಜ್ಜಿ.

ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಸಾದಾ ಕಿಲುಬಲ್ಲ, ಕ್ಲೋರೈಡು (ಉಪ್ಪಿನಲ್ಲಿರುವ ಅಂಶ) ತೇವದ ಜೊತೆ ಸೇರಿ ಲೋಹ ತಿನ್ನುತ್ತಿದೆ. ಅದರ ಮೇಲೆ ಮೇಣ ಹಚ್ಚಿ ಮುಚ್ಚಬೇಡಿ. ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿದ ಬಿಗಿ ಡಬ್ಬಿಯಲ್ಲಿಟ್ಟು ಸಂರಕ್ಷಣಾ ತಜ್ಞರಿಗೆ ತೋರಿಸಿ.