ಡಿಕ್ರಿ ಕೈಗೆ ಬಂತು, ಹೊಲ ಯಾವಾಗ ಬರುತ್ತದೆ?

ಸಿಂಧನೂರು ಕಡೆ ಎಡದಂಡೆ ಕಾಲುವೆಯ ಕೆಳಗೆ ಎಂಟು ಎಕರೆ ಗದ್ದೆ, ಊರೊಳಗೊಂದು ಮನೆ. ಎರಡರಲ್ಲೂ ಅಕ್ಕನಿಗೆ ಕಾಲು ಪಾಲು ಎಂದು ಸಿವಿಲ್ ಕೋರ್ಟ್ ಹೇಳಿತು ಅಂದುಕೊಳ್ಳಿ. ಕಾಗದ ಟ್ರಂಕಿನೊಳಗೆ ಹೋಗುತ್ತದೆ. ಮುಂದಿನ ಹಂಗಾಮಿಗೂ ತಮ್ಮನೇ ನಾಟಿ ಮಾಡಿಸುತ್ತಾನೆ. ಗೆದ್ದವರು ಹೀಗೆ ಬರಿಗೈಯಲ್ಲಿ ಕೂರಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತೀರ್ಪು, ಡಿಕ್ರಿ ಎರಡಕ್ಕೂ ದೃಢೀಕೃತ ನಕಲಿನ ಅರ್ಜಿ ಹಾಕಿ. ತೀರ್ಪಿನಲ್ಲಿ ಇರುವುದು ನ್ಯಾಯಾಧೀಶರು ಕೊಟ್ಟ ಕಾರಣಗಳು. ಯಾರಿಗೆ ಏನು ಸಲ್ಲಬೇಕು ಎಂಬುದನ್ನು ಡಿಕ್ರಿ ಹೇಳುತ್ತದೆ. ದಾವಾ ನಡೆಯುವಾಗ ಸಿಗುವ ಮಧ್ಯಂತರ ತಡೆಯಾಜ್ಞೆ ಡಿಕ್ರಿಯಲ್ಲ, ಬರೀ ಆದೇಶ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಹಾಗಾಗಿ ದಾವಾ, ಜಪ್ತಿ, ವಕೀಲ ಎಂಬ ಮಾತುಗಳು ಇಲ್ಲಿ ಅಜ್ಜಿಯರಿಗೂ ಗೊತ್ತು. ತೊಡಕಾಗುವುದು ಕಾಗದದ ಮೇಲಿನ 'ಡಿಎಚ್‌ಆರ್', 'ಜೆಡಿಆರ್' ಅಕ್ಷರಗಳು. ಮೊದಲನೆಯದು ಡಿಕ್ರಿದಾರ, ಅಂದರೆ ಡಿಕ್ರಿ ಯಾರ ಪರವಾಗಿದೆಯೋ ಅವರು. ಎರಡನೆಯದು ಅದನ್ನು ಪಾಲಿಸಬೇಕಾದವರು.

ನಂತರ ಒಂದೇ ಒಂದು ಪದ ಹುಡುಕಿ: ಪ್ರಾಥಮಿಕವೋ, ಅಂತಿಮವೋ? ಪಾಲಿನ ದಾವೆಯಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಪ್ರಾಥಮಿಕ ಡಿಕ್ರಿ. ಅಕ್ಕನಿಗೆ ಕಾಲು ಪಾಲು ಎಂದು ಅದು ಹೇಳುತ್ತದೆ. ಯಾವ ಬದುವಿನಿಂದ ಯಾವ ಬದುವಿನವರೆಗೆ ಎಂದು ಹೇಳುವುದಿಲ್ಲ. ಮನೆಯನ್ನು ಕೋರ್ಟ್ ನೇಮಿಸಿದ ಕಮಿಷನರ್ ನೋಡಿ ವರದಿ ಕೊಟ್ಟ ಮೇಲೆ ಅಂತಿಮ ಡಿಕ್ರಿ ಆಗುತ್ತದೆ. ಕಂದಾಯದ ಜಮೀನನ್ನು ವಿಭಾಗಿಸುವುದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿಗೆ ಕರ್ನಾಟಕ ತಂದ ತಿದ್ದುಪಡಿಯಂತೆ, ಕೋರ್ಟೇ; ಬೇಕಾದರೆ ತಹಶೀಲ್ದಾರರಿಗಿಂತ ಕೆಳಗಲ್ಲದ ಕಂದಾಯ ಅಧಿಕಾರಿಯ ಅಥವಾ ಕಮಿಷನರ್‌ನ ವರದಿ ಪಡೆಯುತ್ತದೆ. ಪ್ರಾಥಮಿಕ ಡಿಕ್ರಿಯಾದ ಮೇಲೆ ಬೇರೆ ಅರ್ಜಿಗೆ ಕಾಯದೆ ವಿಚಾರಣಾ ಕೋರ್ಟೇ ಮುಂದುವರಿಯಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೂ ನಿಮ್ಮ ವಕೀಲರನ್ನು ಕೇಳುತ್ತಲೇ ಇರಿ.

ಎದುರಿನವರು ಮೇಲ್ಮನವಿ ಹಾಕಬಹುದು: ಜಿಲ್ಲೆಯ ಮೇಲಿನ ಕೋರ್ಟಿಗಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ನಕಲು ಪಡೆಯಲು ಹಿಡಿದ ಕಾಲ ಲೆಕ್ಕಕ್ಕಿಲ್ಲ. ಬಳ್ಳಾರಿ, ಕೊಪ್ಪಳದವರಿಗೆ ಹೈಕೋರ್ಟ್ ಎಂದರೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಅದಕ್ಕೆ ಪ್ರತ್ಯೇಕ ತಡೆಯಾಜ್ಞೆ ಬೇಕು. ನೋಟಿಸ್ ತಲುಪದೆಯೇ ನಿಮ್ಮ ವಿರುದ್ಧ ಏಕಪಕ್ಷೀಯ ಡಿಕ್ರಿ ಆಗಿದ್ದರೆ, ಗೊತ್ತಾದ ದಿನದಿಂದ 30 ದಿನದೊಳಗೆ ರದ್ದು ಕೋರಿ.

ಇಷ್ಟಾದರೂ ತಮ್ಮ ಬಿಡಲೊಲ್ಲ ಎಂದರೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಎಂಬ ಅರ್ಜಿ, ಹಾಕಬೇಕು. ಸ್ವಾಧೀನ, ಹಣ ವಸೂಲಿಯಂಥ ಡಿಕ್ರಿಗಳಿಗೆ ಗಡುವು 12 ವರ್ಷ. ಪಾಲಿನ ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಬೇಕು, ಆದರೆ ಆ ಕಾಗದ ತರುವುದು ತಡವಾಯಿತೆಂದು ಗಡುವು ಮುಂದೆ ಹೋಗುವುದಿಲ್ಲ. ಇದರಲ್ಲಿ ಏಮಾರಬೇಡಿ.

ಸಾಲದ ಡಿಕ್ರಿ ನಿಮ್ಮ ಮೇಲಿದ್ದರೆ, ಜಪ್ತಿಗೆ ಬಂದವರನ್ನು ಕಂಡು ಎದೆಗುಂದಬೇಡಿ. ಬೇಸಾಯವೇ ಜೀವನವಾದ ರೈತನ ವಾಸದ ಮನೆ, ಬದುಕಿಗೆ ಬೇಕಾದ ಎತ್ತು, ಬೇಸಾಯದ ಸಲಕರಣೆ, ಬೀಜದ ಕಾಳನ್ನು ಮುಟ್ಟದಂತೆ ಅದೇ ಸಂಹಿತೆಯ 60ನೇ ಕಲಂ ಕಾಯುತ್ತದೆ. ಅಡವಿಟ್ಟ ಆಸ್ತಿಯ ಮಾತು ಬೇರೆ.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿದೆ. ಸಹಾಯವಾಣಿ 15100. ಹೋಗುವಾಗ ಟ್ರಂಕಿನಲ್ಲಿರುವ ಆ ಕಾಗದವನ್ನು ಜೊತೆಗೆ ಒಯ್ಯಿರಿ.